ಬೋ ಟೈ ಕಟ್ಟಿದವರಲ್ಲಿ ನೆಂಟ ಯಾರು?

ಹೋದ ವರ್ಷ ಮೇ ತಿಂಗಳಲ್ಲಿ ಕಡೂರಿನ ಒಂದು ಕಲ್ಯಾಣಮಂಟಪದಲ್ಲಿ ನನ್ನ ಹಾಸ್ಟೆಲ್ ಗೆಳೆಯನೊಬ್ಬನ ಆರತಕ್ಷತೆ ಇತ್ತು. ಮದುಮಗನ ಗೆಳೆಯರು ಐದೂ ಜನ ಒಂದೇ ಥರ ಕಾಣಬೇಕು ಎಂದು ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನವಾಗಿತ್ತು. ಬಿಳಿ ಅಂಗಿ, ಕಪ್ಪು ಪ್ಯಾಂಟು, ಕಪ್ಪು ಕೋಟು, ಕೊರಳಿಗೆ ಕಡುಗೆಂಪು ಬೋ ಟೈ. ಟೈಗಳನ್ನು ಒಬ್ಬ ಗೆಳೆಯ ಆನ್‌ಲೈನಿನಲ್ಲಿ ತರಿಸಿದ್ದ. ‘ಉದ್ದ ಟೈ ಹಳೇದಾಯ್ತು ಕಣ್ರೋ, ಈಗ ಬೋ ಟೈ ವಾಪಸ್ ಬಂದಿದೆ’ ಎನ್ನುತ್ತ ಅವನೇ ನಮಗೆಲ್ಲ ಕಟ್ಟಿದ. ಕಟ್ಟಿದ ಅನ್ನುವುದು ತಪ್ಪು. ಗಂಟು ಮೊದಲೇ ಹಾಕಿಯಾಗಿತ್ತು, ಅವನು ಹಿಂದುಗಡೆ ಕೊಕ್ಕೆ ಸಿಕ್ಕಿಸಿದ ಅಷ್ಟೆ.

ಬಯಲುಸೀಮೆಯ ಮೇ ತಿಂಗಳ ಸೆಕೆ ಕಡೂರಿನವರಿಗೆ ಗೊತ್ತು. ಅರ್ಧ ಗಂಟೆಯೊಳಗೆ ಕೋಟುಗಳು ಕುರ್ಚಿಯ ಬೆನ್ನಿಗೆ ಹೋದವು. ನಾನು ಬಾಗಿಲ ಹತ್ತಿರ ಫ್ಯಾನಿನ ಕೆಳಗೆ ನಿಂತಿದ್ದಾಗ ಎಪ್ಪತ್ತರ ಆಸುಪಾಸಿನ ಯಜಮಾನರೊಬ್ಬರು ಖಾಲಿ ಲೋಟವನ್ನು ನನ್ನ ಕೈಗೆ ಚಾಚಿದರು. ‘ಲೇ ತಮ್ಮಾ, ಇದು ತಗಂಡೋಗು. ಬರ್ತಾ ಒಂದ್ಲೋಟ ನೀರು ತಗಂಬಾ.’

ನಾನು ಲೋಟ ಮುಟ್ಟಲಿಲ್ಲ. ‘ನಾನು ಕೇಟರಿಂಗ್ ಹುಡುಗ ಅಲ್ಲ, ಹುಡುಗನ ಕಡೆಯವನು’ ಅಂದೆ. ಬೇಕಾಗಿದ್ದಕ್ಕಿಂತ ಜೋರಾಗಿಯೇ ಅಂದೆ. ಅವರು ಗಾಬರಿಯಾದರು. ‘ಅಯ್ಯೋ, ಗೊತ್ತಾಗ್ಲಿಲ್ಲ ಸ್ವಾಮಿ, ತಪ್ಪು ತಿಳ್ಕಬ್ಯಾಡಿ. ತಾವು ಏನು ಮಾಡ್ಕಂಡಿದೀರಿ?’ ಪಿಎಚ್‌ಡಿ ಎಂದೆ. ‘ಓಹೋ, ಮೇಷ್ಟ್ರು’ ಅಂದರು. ಅಷ್ಟರಲ್ಲಿ ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದ ಹುಡುಗನೊಬ್ಬ ‘ಇತ್ಲಾಗೆ ಕೊಡಿ ಯಜಮಾನ್ರೇ’ ಎಂದು ಲೋಟ ತೆಗೆದುಕೊಂಡ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಬಿಳಿ ಅಂಗಿ, ಕಪ್ಪು ಪ್ಯಾಂಟು, ಕಪ್ಪು ಬೋ ಟೈ. ಯಜಮಾನರು ಅವನಿಗೆ ‘ಬಿರ್ನೆ ತಾರೋ’ ಅಂದರು.

ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬನಿಗೇ. ಶಂಕರಘಟ್ಟದಲ್ಲಿ ಎಂ.ಎ. ಓದುವಾಗ ಎರಡು ವರ್ಷ, ಮದುವೆ ಸೀಸನ್ನಿನ ಶನಿವಾರ ಭಾನುವಾರಗಳಲ್ಲಿ ಭದ್ರಾವತಿ, ಶಿವಮೊಗ್ಗದ ಮದುವೆಗಳಲ್ಲಿ ನಾನು ಇದೇ ಕೆಲಸ ಮಾಡಿದ್ದೆ. ಇದೇ ಬಿಳಿ ಅಂಗಿ, ಇದೇ ಕಪ್ಪು ಬೋ ಟೈ.

ಆ ರಾತ್ರಿಯಿಂದ ನನ್ನ ತಲೆಯಲ್ಲಿರುವ ಪ್ರಶ್ನೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೇಲ್ನೋಟಕ್ಕೆ ಅದು ಫ್ಯಾಷನ್ನಿನ ಪ್ರಶ್ನೆ: ಬೋ ಟೈ ಗಂಡಸರ ದಿನನಿತ್ಯದ ಉಡುಪಿಗೆ ವಾಪಸ್ ಬರುತ್ತಿದೆಯೇ? ಆದರೆ ಒಳಗಿರುವುದು ಬೇರೆಯೇ. ಒಂದು ಉಡುಪು ‘ವಾಪಸ್ ಬಂತು’ ಎಂದು ಹೇಳುವವರು ಯಾರು, ಮತ್ತು ಅದನ್ನು ಯಾವತ್ತೂ ಬಿಡದೆ ತೊಟ್ಟುಕೊಂಡೇ ಇದ್ದವರನ್ನು ಅವರು ಲೆಕ್ಕಕ್ಕೆ ಹಿಡಿದರೇ?

ಮೊದಲು ಗೆಳೆಯನ ಮಾತನ್ನು ಗೌರವದಿಂದಲೇ ನೋಡೋಣ. ಬೋ ಟೈ ಆಗಾಗ ಮರಳಿ ಬರುತ್ತಲೇ ಇರುವ ವಸ್ತು. ಅದರ ಮೂಲವನ್ನು ಹದಿನೇಳನೇ ಶತಮಾನದ ಯುರೋಪಿನ ಯುದ್ಧಗಳಿಗೆ ಒಯ್ಯುತ್ತಾರೆ. ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಸುತ್ತಿಕೊಂಡಿದ್ದ ಬಟ್ಟೆ ಫ್ರೆಂಚರ ಕಣ್ಣಿಗೆ ಬಿದ್ದು ‘ಕ್ರವಾತ್’ ಆಯಿತು. ಆ ಹೆಸರಿನಲ್ಲೇ ಕ್ರೊಯೇಷಿಯಾ ಇದೆ. ಸೈನಿಕನ ಕೊರಳವಸ್ತ್ರ ಅರಮನೆಗೆ ಹೋಗಿ, ಅಲ್ಲಿಂದ ಸಾಹುಕಾರರಿಗೆ ಇಳಿದು, ಹತ್ತೊಂಬತ್ತನೇ ಶತಮಾನದಲ್ಲಿ ಸಂಜೆಯೂಟದ ಕಡ್ಡಾಯವಾಯಿತು. ಆಮೇಲೆ ಉದ್ದ ಟೈ ಅದನ್ನು ಹಗಲಿನಿಂದ ಓಡಿಸಿತು. 2007ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ, ರೋಗಿಗಳ ಮೇಲೆ ಬಗ್ಗುವ ವೈದ್ಯರ ಉದ್ದ ಟೈ ಸೋಂಕು ಹರಡಬಹುದು, ಕಟ್ಟದಿರುವುದು ಒಳ್ಳೆಯದು ಎಂದು ಸೂಚಿಸಿತು. ಜೋತಾಡದ ಟೈಗೆ ಆ ದೋಷವಿಲ್ಲ. 2010ರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಹೊಸ ನಾಯಕ ಬೋ ಟೈ ಕಟ್ಟಿ ಬಂದಾಗ ಅಲ್ಲಿಯ ಹುಡುಗರೂ ಕಟ್ಟತೊಡಗಿದರು. ನಮ್ಮಲ್ಲಿಯೂ ಈಗ ಒಂದು ವರ್ಷದ ಮಗುವಿನ ಹುಟ್ಟುಹಬ್ಬದ ಫೋಟೋದಲ್ಲಿ, ಮದುವೆಗೆ ಮುಂಚಿನ ಫೋಟೋಶೂಟಿನಲ್ಲಿ, ಆರತಕ್ಷತೆಯ ವೇದಿಕೆಯಲ್ಲಿ ಬೋ ಟೈ ಕಾಣುತ್ತದೆ. ಇವೆಲ್ಲ ಸೇರಿದರೂ ‘ದಿನನಿತ್ಯ’ ಆಗುವುದಿಲ್ಲ. ಕಡೂರು ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಬೋ ಟೈ ಕಟ್ಟಿ ಬಸ್ಸಿಗೆ ಕಾಯುವ ಗುಮಾಸ್ತರನ್ನು ನಾನು ನೋಡಿಲ್ಲ.

ಆದರೆ ಅದೇ ಕಡೂರಿನಲ್ಲಿ, ಬೀರೂರಿನಲ್ಲಿ, ತರೀಕೆರೆಯಲ್ಲಿ, ಬೋ ಟೈಯನ್ನು ವಾರಕ್ಕೆ ಮೂರು ನಾಲ್ಕು ದಿನ ಕಟ್ಟುವ ಗಂಡಸರಿದ್ದಾರೆ. ಅವರು ಊಟ ಬಡಿಸುವವರು. ಅವರ ಮಟ್ಟಿಗೆ ಬೋ ಟೈ ಹೋಗಿಯೇ ಇರಲಿಲ್ಲ. ದಿನನಿತ್ಯದ ಉಡುಪು ಎಂದರೆ ಅವರದೇ.

ನಮ್ಮ ಕಾಲದ ಆ ಬೋ ಟೈಗಳ ಬಗ್ಗೆ ಹೇಳಬೇಕು. ಗುತ್ತಿಗೆದಾರ ಅವನ್ನು ಒಂದು ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ತರುತ್ತಿದ್ದ. ಪಾಲಿಯೆಸ್ಟರ್ ಬಟ್ಟೆ, ಹಿಂದೆ ಎಲಾಸ್ಟಿಕ್. ಕವರಿಗೆ ಕೈಹಾಕಿ ಸಿಕ್ಕಿದ್ದನ್ನು ಹಾಕಿಕೊಳ್ಳುವುದು. ಹಿಂದಿನ ವಾರ ಅದನ್ನು ಹಾಕಿದ್ದವನ ಬೆವರು ಒಣಗಿ ಅಂಚು ಬಿಳಿಯಾಗಿರುತ್ತಿತ್ತು. ಎಲಾಸ್ಟಿಕ್ ಸಡಿಲವಾಗಿದ್ದರೆ ಸಾರಿನ ಬಕೆಟ್ ಹಿಡಿದು ಬಗ್ಗಿದಾಗ ಜಾರುತ್ತಿತ್ತು, ಬಿಗಿಯಾಗಿದ್ದರೆ ಕೊರಳಲ್ಲಿ ಗೆರೆ ಬೀಳುತ್ತಿತ್ತು. ಒಂದು ಹೊತ್ತಿಗೆ ಮುನ್ನೂರು ರೂಪಾಯಿ, ಊಟ ಸೇರಿ. ಕೊನೆಯ ಪಂಕ್ತಿ ಎದ್ದ ಮೇಲೆ ಟೈಗಳನ್ನು ಎಣಿಸಿ ವಾಪಸ್ ಕೊಡಬೇಕು, ಕಳೆದವನ ದುಡ್ಡಿನಲ್ಲಿ ಮೂವತ್ತು ರೂಪಾಯಿ ಹಿಡಿಯುತ್ತಿದ್ದ.

ಉದ್ದ ಟೈ ಯಾಕಿಲ್ಲ ಎಂದು ಒಮ್ಮೆ ಕೇಳಿದ್ದೆ. ‘ಸಾಂಬಾರಿಗೆ ಬೀಳುತ್ತೆ’ ಅಂದ. ಹಾಗಾದರೆ ಟೈ ಯಾಕೆ ಬೇಕು ಎಂದು ಕೇಳಿದೆ. ‘ಯಾರು ನೆಂಟ ಯಾರು ಕೆಲಸದವನು ಅಂತ ಜನಕ್ಕೆ ಗೊತ್ತಾಗಬೇಕಲ್ಲಪ್ಪ’ ಅಂದ. ಜಾರ್ಜ್ ಸಿಮ್ಮೆಲ್ ಎಂಬ ಜರ್ಮನ್ ಚಿಂತಕನ, 1904ರಲ್ಲಿ ಇಂಗ್ಲಿಷಿನಲ್ಲಿ ಬಂದ ಫ್ಯಾಷನ್ ಕುರಿತ ಪ್ರಬಂಧವನ್ನು ನಾನು ಓದಿದ್ದು ಆಮೇಲೆ. ಫ್ಯಾಷನ್ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ ಎಂಬುದು ಅವನ ವಾದದ ತಿರುಳು: ನಮ್ಮವರ ಜತೆ ನಮ್ಮನ್ನು ಸೇರಿಸುತ್ತದೆ, ಬೇರೆಯವರಿಂದ ನಮ್ಮನ್ನು ಬೇರೆ ಮಾಡುತ್ತದೆ. ಕೆಳಗಿನವರು ಅನುಕರಿಸಿದ ಕೂಡಲೇ ಮೇಲಿನವರು ಆ ಉಡುಪನ್ನು ಬಿಟ್ಟು ಮುಂದಕ್ಕೆ ಹೋಗುತ್ತಾರೆ. 1899ರಲ್ಲಿ ಅಮೆರಿಕದ ಥಾರ್ಸ್ಟೀನ್ ವೆಬ್ಲೆನ್ ಇನ್ನೊಂದು ತುದಿಯನ್ನು ಹಿಡಿದಿದ್ದ. ಸಾಹುಕಾರ ತನ್ನ ಆಳಿಗೆ ಒಳ್ಳೆಯ ಸಮವಸ್ತ್ರ ತೊಡಿಸುವುದು ಆಳಿನ ಅಂದಕ್ಕಲ್ಲ, ತನ್ನ ಐಶ್ವರ್ಯ ತೋರಿಸಲಿಕ್ಕೆ. ನಮ್ಮ ಗುತ್ತಿಗೆದಾರ ಇವರಿಬ್ಬರನ್ನೂ ಓದದೆ ಒಂದೇ ವಾಕ್ಯದಲ್ಲಿ ಇಬ್ಬರ ಮಾತನ್ನೂ ಹೇಳಿದ್ದ.

ಇಂಥ ವ್ಯವಸ್ಥೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ಪ್ಲಾಂಟರುಗಳ ಹಳೆಯ ಕ್ಲಬ್ ಒಂದಿದೆ, ಹೆಸರು ಕಡೂರು ಕ್ಲಬ್. ಚಿಕ್ಕಮಗಳೂರಿನಲ್ಲಿ ಕಡೂರು ಹೇಗೆ ಬಂತು ಎಂದರೆ, 1947ರವರೆಗೂ ಇಡೀ ಜಿಲ್ಲೆಯ ಹೆಸರು ಕಡೂರು ಜಿಲ್ಲೆ ಎಂದೇ ಇತ್ತು. ಬ್ರಿಟಿಷರ ಕಾಲದ ಕ್ಲಬ್ಬುಗಳಲ್ಲಿ ಸಂಜೆಯೂಟಕ್ಕೆ ಕಪ್ಪು ಬೋ ಟೈ ರೂಢಿ. ಅಲ್ಲಿ ಲೋಟ ಹಿಡಿದು ಬರುವ ಬೇರರಿಗೆ ಬೇರೆ ಉಡುಪು, ತಲೆಗೆ ರುಮಾಲು. ಈಗ ದೊಡ್ಡ ಹೋಟೆಲಿನ ಬಾಗಿಲಲ್ಲಿ ಮಹಾರಾಜನ ಪೇಟ ತೊಟ್ಟವನು ಕಾರಿನ ಬಾಗಿಲು ತೆಗೆಯುತ್ತಾನೆ, ಒಳಗೆ ಸಾಹೇಬರ ಬೋ ಟೈ ಕಟ್ಟಿದವನು ತಟ್ಟೆ ಎತ್ತುತ್ತಾನೆ. ಅದೇ ಪೇಟವನ್ನು ಸನ್ಮಾನದಲ್ಲಿ ಸಾಹಿತಿಗೆ ತೊಡಿಸುತ್ತೇವೆ, ಅದೇ ಬೋ ಟೈಯನ್ನು ಮದುಮಗನಿಗೆ ಕಟ್ಟುತ್ತೇವೆ. ಗೌರವ ಬಟ್ಟೆಯಲ್ಲಿ ಇರುವುದಿಲ್ಲ. ಇದ್ದಿದ್ದರೆ ಬಾಗಿಲು ಕಾಯುವವನಿಗೂ ನಾವು ಕೈ ಮುಗಿಯುತ್ತಿದ್ದೆವು.

ಇಲ್ಲಿಗೆ ಬಂದಾಗ ನನಗೆ ನನ್ನ ತಾತನ ಪಂಚೆ ನೆನಪಾಗುತ್ತದೆ. ನಮ್ಮೂರು ಎಮ್ಮೆದೊಡ್ಡಿ. ಹೆಸರೇ ಹೇಳುವ ಹಾಗೆ ಎಮ್ಮೆ ಕೂಡುವ ದೊಡ್ಡಿ. ಸುತ್ತಲೂ ಅಮೃತ್ ಮಹಲ್ ಕಾವಲುಗಳ ಸೀಮೆ, ಹತ್ತಿರದಲ್ಲೇ ಮದಗದ ಕೆರೆ. ತಾತನಿಗೆ ಎಂಬತ್ತು ದಾಟಿದೆ. ನನಗೆ ತಿಳಿವಳಿಕೆ ಬಂದಾಗಿನಿಂದ ಅವರು ಪಂಚೆ ಬಿಟ್ಟು ಬೇರೆ ಉಟ್ಟಿದ್ದನ್ನು ಕಂಡಿಲ್ಲ. ರಾಗಿ ಹೊಲಕ್ಕೆ ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಸಂತೆಗೆ ಇಳಿಬಿಟ್ಟು. ಅವರ ಮಟ್ಟಿಗೆ ಪಂಚೆ ಹೋದದ್ದೂ ಇಲ್ಲ, ಬಂದದ್ದೂ ಇಲ್ಲ.

ನಾವು ಮಾತ್ರ ಅದನ್ನು ‘ವಾಪಸ್’ ತಂದೆವು. ವಿಶ್ವವಿದ್ಯಾಲಯದ ಎಥ್ನಿಕ್ ಡೇಗೆ ನಾನು ಕೊಂಡ ಪಂಚೆಗೆ ಸೊಂಟದಲ್ಲಿ ವೆಲ್ಕ್ರೋ ಪಟ್ಟಿ ಇತ್ತು, ಮೊಬೈಲ್ ಇಡಲು ಜೇಬಿತ್ತು. ಊರಿಗೆ ತಂದು ತೋರಿಸಿದಾಗ ತಾತ ಆ ಪಟ್ಟಿಯನ್ನು ಪರ್ ಎಂದು ಬಿಡಿಸಿ, ಅಂಟಿಸಿ, ಮತ್ತೆ ಬಿಡಿಸಿ ನಕ್ಕರು. ಬೋ ಟೈಗೆ ಆದದ್ದೇ ಪಂಚೆಗೂ ಆಗಿತ್ತು. ಬೋ ಟೈಯ ಗಂಟು ಅಸಲಿಗೆ ಶೂ ಲೇಸಿನ ಗಂಟೇ, ಕಲಿತರೆ ಬರುತ್ತದೆ. ಪಂಚೆಯ ಗಂಟೂ ಹಾಗೆಯೇ. ನಮಗೆ ಎರಡೂ ಬರುವುದಿಲ್ಲ. ಕೊಕ್ಕೆಯಲ್ಲಿ, ವೆಲ್ಕ್ರೋದಲ್ಲಿ ನಾವು ಮರಳಿ ತಂದದ್ದು ಅವುಗಳ ಆಕಾರವನ್ನು ಮಾತ್ರ. ಇದನ್ನು ದೂರುತ್ತಿಲ್ಲ, ಜಾರದ ಪಂಚೆ ಒಳ್ಳೆಯದೇ. ನಾನು ಹೇಳುತ್ತಿರುವುದು ಇಷ್ಟೆ: ಎಥ್ನಿಕ್ ಡೇ ಮುಗಿದ ಸಂಜೆ ನಾನದನ್ನು ಬಿಚ್ಚಿ ಜೀನ್ಸ್ ಹಾಕಿಕೊಂಡೆ. ಆ ಸೌಲಭ್ಯ ನನಗಿತ್ತು. ಅದಕ್ಕೇ ಅದು ನನಗೆ ಫ್ಯಾಷನ್.

ತಾತನ ಥರದವರಿಗೆ ಏನಾಗುತ್ತದೆ? 2024ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ರೈತರೊಬ್ಬರು ಮಗನ ಜತೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಮಾಲಿಗೆ ಹೋದರು. ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ವಿಡಿಯೋ ಹರಡಿತು, ಪ್ರತಿಭಟನೆಯಾಯಿತು, ವಿಧಾನಸಭೆಯಲ್ಲಿ ಚರ್ಚೆಯಾಯಿತು, ಸರ್ಕಾರ ಏಳು ದಿನ ಮಾಲ್ ಮುಚ್ಚಿಸುವುದಾಗಿ ಹೇಳಿತು. ಅದೇ ವರ್ಷದ ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತ ಇನ್ನೊಬ್ಬ ರೈತರನ್ನು ಬಟ್ಟೆ ನೋಡಿ ತಡೆದಿದ್ದರು. ಸಹಪ್ರಯಾಣಿಕರು ಜಗಳಕ್ಕೆ ನಿಂತ ಮೇಲೆ ಒಳಕ್ಕೆ ಬಿಟ್ಟರು. ಇದು ನಮ್ಮ ರಾಜ್ಯದ ಮಾತಷ್ಟೇ ಅಲ್ಲ. 2014ರ ಜುಲೈಯಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ ಒಂದು ಹೈಕೋರ್ಟಿನ ಹಾಲಿ ನ್ಯಾಯಮೂರ್ತಿಯನ್ನೇ ವೇಷ್ಟಿ ಉಟ್ಟಿದ್ದಕ್ಕೆ ಹೊರಗಿಟ್ಟಿತು. ಹಾಗೆ ತಡೆಯುವುದು ಅಪರಾಧ ಎಂದು ತಮಿಳುನಾಡು ಅದೇ ವರ್ಷ ಕಾನೂನು ಮಾಡಿತು.

ಮಾಲಿನ ಆ ಘಟನೆ ನಡೆದಾಗ ನಮ್ಮ ಮುಖ್ಯಮಂತ್ರಿಯವರು ಸಿದ್ದರಾಮಯ್ಯ, ಅವರು ಉಡುವುದೂ ಬಿಳಿ ಪಂಚೆಯೇ. 1996ರಲ್ಲಿ ಪ್ರಧಾನಿಯಾದ ದೇವೇಗೌಡರು ದೆಹಲಿಗೆ ಒಯ್ದದ್ದೂ ಪಂಚೆಯನ್ನೇ. ಒಂದೇ ಊರಿನಲ್ಲಿ, ಒಂದೇ ತಿಂಗಳಲ್ಲಿ, ಪಂಚೆ ವಿಧಾನಸೌಧದ ಮೆಟ್ಟಿಲು ಹತ್ತಿತು, ಮಾಲಿನ ಬಾಗಿಲಲ್ಲಿ ನಿಂತಿತು. ಇನ್ನೂ ಒಂದು ಮಾತು. ರೈತರನ್ನು ತಡೆದ ಕಾವಲುಗಾರ ತಾನೂ ತಾನು ಆರಿಸದ ಒಂದು ಸಮವಸ್ತ್ರದಲ್ಲಿದ್ದ. ಬಟ್ಟೆ ನೋಡಿ ಮನುಷ್ಯರನ್ನು ವಿಂಗಡಿಸುವ ಕೆಲಸಕ್ಕೆ ನಾವು ನೇಮಿಸಿದವನನ್ನು ಮೊದಲು ಬಟ್ಟೆಯಿಂದಲೇ ವಿಂಗಡಿಸಿಟ್ಟಿದ್ದೇವೆ. ಕೆಟ್ಟ ಹೆಸರು ಬಂದಾಗ ಮೊದಲು ಕೆಲಸ ಹೋಗುವುದೂ ಅಂಥವರದೇ. ಮೆಟ್ರೋದಲ್ಲಿ ಆದದ್ದೂ ಅದೇ, ಭದ್ರತಾ ಮೇಲ್ವಿಚಾರಕನನ್ನು ವಜಾ ಮಾಡಿದರು.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಪಂಚೆ ನಮ್ಮದು, ಬೋ ಟೈ ಅವರದು, ನಮ್ಮದನ್ನು ಉಳಿಸೋಣ’ ಎಂದು ಮುಗಿಸುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಕಡೆಯ ಊರುಗಳಲ್ಲಿ ಅಂಬೇಡ್ಕರರ ಪಟ ಇರುವ ಮನೆಗಳಿಗೆ ಹೋಗಿ ನೋಡಿ. ಅವರು ಸೂಟು ತೊಟ್ಟು ಟೈ ಕಟ್ಟಿದ್ದಾರೆ. ಆ ಪಟದ ಕೆಳಗೆ ಕೂತು ಓದುವ ಹುಡುಗನಿಗೆ ಟೈ ಎಂದರೆ ವಿದೇಶಿ ಗುಲಾಮಗಿರಿಯಲ್ಲ. ಯಾರು ಯಾವ ಬಟ್ಟೆಯನ್ನು ಎಷ್ಟು ಉದ್ದ ಉಡಬೇಕು, ಯಾರು ಚಪ್ಪಲಿ ಮೆಟ್ಟಬಾರದು ಎಂದು ಹುಟ್ಟಿನ ಮೇಲೆ ನಿಗದಿ ಮಾಡಿದ್ದ ಊರಿನಿಂದ ಹೊರಬಂದ ಗುರುತು ಅದು. ಗಾಂಧೀಜಿ 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಮೈಮೇಲಿನ ಬಟ್ಟೆಗಳನ್ನು ಬಿಟ್ಟು ತುಂಡು ಪಂಚೆಗೆ ಇಳಿದರು. ಅಂಬೇಡ್ಕರರು ಸೂಟು ತೊಟ್ಟರು. ಒಬ್ಬರು ಕಳಚಿದ್ದು, ಇನ್ನೊಬ್ಬರು ತೊಟ್ಟದ್ದು. ಎರಡರ ದಿಕ್ಕು ಬೇರೆಯಾದರೂ ಇಬ್ಬರೂ ತಾವೇ ಆರಿಸಿಕೊಂಡರು. ಸ್ವದೇಶಿ ವಿದೇಶಿ ಎಂಬುದು ಇಲ್ಲಿ ಅಳತೆಗೋಲಾಗುವುದಿಲ್ಲ.

ಕೇಟರಿಂಗಿನ ಬೋ ಟೈಯ ಬಗ್ಗೆಯೂ ಒಂದು ಒಳ್ಳೆಯ ಮಾತನ್ನು ನಾನು ಹೇಳದಿದ್ದರೆ ಅನ್ಯಾಯವಾಗುತ್ತದೆ. ತಾತನ ಕಾಲದ ಮದುವೆಗಳಲ್ಲಿ ನೆಂಟರೇ ಪಂಚೆ ಎತ್ತಿ ಕಟ್ಟಿ, ಸೊಂಟಕ್ಕೆ ಟವೆಲ್ ಬಿಗಿದು ಬಡಿಸುತ್ತಿದ್ದರು. ಅದನ್ನು ಅವರು ಬಹಳ ಅಕ್ಕರೆಯಿಂದ ನೆನೆಯುತ್ತಾರೆ. ಬಡಿಸುವುದು ಆಗ ಕೀಳಲ್ಲ, ಹೆಚ್ಚುಗಾರಿಕೆ. ಆದರೆ ಯಾರು ಬಡಿಸಬಹುದು, ಯಾರು ಒಳಗೆ ಕೂರಬಹುದು, ಯಾರಿಗೆ ಹೊರಗೆ ಎಲೆ ಎನ್ನುವುದನ್ನೂ ಆಗ ಹುಟ್ಟೇ ಹೇಳುತ್ತಿತ್ತು. ಭದ್ರಾವತಿಯ ಕಲ್ಯಾಣಮಂಟಪಗಳಲ್ಲಿ ನಾನು ಬೋ ಟೈ ಕಟ್ಟಿ ಪಾಯಸದ ಬಕೆಟ್ ಹಿಡಿದು ಬಂದಾಗ ನೀನು ಯಾವ ಜನ ಎಂದು ಯಾರೂ ಕೇಳಲಿಲ್ಲ. ನಮ್ಮ ತಂಡದ ಹನ್ನೆರಡು ಹುಡುಗರು ಹನ್ನೆರಡು ಕಡೆಯವರು. ಟೈ ನಮ್ಮ ಹೆಸರನ್ನು ಅಳಿಸಿತು, ಅದರ ಜತೆ ಜಾತಿಯನ್ನೂ ಅಳಿಸಿತು. ಅಳಿಸಿಹೋಗುವುದರಲ್ಲಿ ಅವಮಾನವಿದ್ದ ಹಾಗೆ ಬಿಡುಗಡೆಯೂ ಇತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದ್ದರಿಂದ ‘ಬಡಪಾಯಿ ಹುಡುಗರಿಗೆ ಬೋ ಟೈ ತೊಡಿಸಿ ಅವಮಾನ ಮಾಡುತ್ತಾರೆ’ ಎಂಬ ಕರುಣೆಯ ಮಾತಿಗೆ ನಾನು ಪೂರ್ತಿ ದನಿಗೂಡಿಸಲಾರೆ.

ಹಾಗಾದರೆ ತಪ್ಪು ಎಲ್ಲಿದೆ? ಬಹಳ ದಿನ ನಾನು ಅಂದುಕೊಂಡಿದ್ದ ಉತ್ತರ ಇದು: ಇಷ್ಟಪಟ್ಟು ಕಟ್ಟಿದರೆ ಅದು ಫ್ಯಾಷನ್, ಬಲವಂತಕ್ಕೆ ಕಟ್ಟಿದರೆ ಸಮವಸ್ತ್ರ, ಬಿಚ್ಚಿಡುವ ಹಕ್ಕಿದ್ದರೆ ಸರಿ, ಇಲ್ಲದಿದ್ದರೆ ತಪ್ಪು. ಆದರೆ ಈ ಉತ್ತರ ನಿಲ್ಲುವುದಿಲ್ಲ. ವಕೀಲರ ಕೊರಳಿನ ಬಿಳಿ ಪಟ್ಟಿಯೂ ಬಲವಂತದ್ದೇ. ವಕೀಲರ ಉಡುಪು ಹೇಗಿರಬೇಕೆಂದು ನಿಯಮವಿದೆ, ಅವರೂ ಮೇ ತಿಂಗಳ ಸೆಕೆಯಲ್ಲಿ ಕರಿಕೋಟಿನಲ್ಲಿ ಬೇಯುತ್ತಾರೆ. ಆದರೂ ಕೋರ್ಟಿನ ಹೊರಗೆ ಟೀ ಅಂಗಡಿಯಲ್ಲಿ ಯಾರೂ ಆ ಪಟ್ಟಿ ನೋಡಿ ‘ಲೇ ತಮ್ಮಾ’ ಎನ್ನುವುದಿಲ್ಲ. ‘ಬನ್ನಿ ಸಾರ್’ ಎನ್ನುತ್ತಾರೆ. ಎರಡೂ ಕೊರಳಿನ ಬಟ್ಟೆಗಳೇ, ಎರಡೂ ಕಡ್ಡಾಯವೇ. ಒಂದು ಬಹುವಚನ ತರುತ್ತದೆ, ಇನ್ನೊಂದು ಏಕವಚನ.

ಕನ್ನಡದಲ್ಲಿ ಮಾತಾಡುವವರು ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’ ಸಾಕು. ನಮಗೆ ಎದುರಿನವನಿಗೆ ಬಾ ಎನ್ನಬೇಕೋ ಬನ್ನಿ ಎನ್ನಬೇಕೋ ಎಂದು ಬಾಯಿ ತೆರೆಯುವ ಮೊದಲೇ ತೀರ್ಮಾನವಾಗಬೇಕು, ಅದೂ ಒಂದೇ ಕ್ಷಣದಲ್ಲಿ. ಆ ಕ್ಷಣದಲ್ಲಿ ನಮಗೆ ಸಿಗುವ ಸಾಕ್ಷಿ ವಯಸ್ಸು ಮತ್ತು ಬಟ್ಟೆ. ಕಡೂರಿನ ಆ ಯಜಮಾನರು ನನ್ನನ್ನು ಮೊದಲು ‘ತಗಂಬಾ’ ಅಂದರು, ಅರ್ಧ ನಿಮಿಷದ ಮೇಲೆ ‘ತಾವು’ ಅಂದರು. ನಡುವೆ ನನ್ನ ವಯಸ್ಸು ಬದಲಾಗಿರಲಿಲ್ಲ, ಕೊರಳಿನ ಟೈ ಬದಲಾಗಿರಲಿಲ್ಲ. ಅವರು ಕೆಟ್ಟವರಲ್ಲ. ಊರಿನ ಹುಡುಗನಿಗೆ ಹಿರಿಯರು ಏಕವಚನ ಬಳಸುವುದರಲ್ಲಿ ಪ್ರೀತಿಯೂ ಇರುತ್ತದೆ, ತಾತ ನನಗೆ ಇವತ್ತಿಗೂ ‘ಬಾರೋ’ ಎನ್ನುವುದೇ. ಆದರೆ ನಾನು ನೆಂಟನಾದ ಕೂಡಲೇ ಹಿಂದಕ್ಕೆ ತೆಗೆದುಕೊಂಡು, ಪಕ್ಕದ ಹುಡುಗನಿಗೆ ಹಾಗೆಯೇ ಮುಂದುವರಿಸಿದ ಏಕವಚನ ಪ್ರೀತಿಯದಲ್ಲ, ಲೆಕ್ಕದ್ದು.

ಆದರೆ ಅಲ್ಲಿ ಲೆಕ್ಕ ಹಾಕಿದವರು ಅವರೊಬ್ಬರೇ ಅಲ್ಲ. ನನ್ನ ಸಿಟ್ಟಿನ ಬಗ್ಗೆ ನಾನು ಪ್ರಾಮಾಣಿಕವಾಗಿ ಯೋಚಿಸಬೇಕು. ನೀರು ತರುವ ಕೆಲಸದಲ್ಲಿ ತಪ್ಪೇನಿತ್ತು? ಬಾಯಾರಿದ ಹಿರಿಯರೊಬ್ಬರು, ಇಪ್ಪತ್ತು ಹೆಜ್ಜೆ ದೂರದಲ್ಲಿ ನೀರಿನ ಡ್ರಮ್ಮು. ಅವರು ನನ್ನನ್ನು ಗೆಳೆಯನ ತಮ್ಮ ಎಂದುಕೊಂಡು ನೀರು ಕೇಳಿದ್ದರೆ ಓಡಿಹೋಗಿ ತರುತ್ತಿದ್ದೆ. ನನಗೆ ಸಿಟ್ಟು ಬಂದದ್ದು ಕೆಲಸಕ್ಕಲ್ಲ, ಅವರು ನನ್ನನ್ನು ಯಾರೆಂದು ತಿಳಿದರು ಎಂಬುದಕ್ಕೆ. ಅಂದರೆ ಬಡಿಸುವ ಹುಡುಗನಾಗುವುದು ನಾಚಿಕೆಯ ಸಂಗತಿ ಎಂದು ನನ್ನೊಳಗೆ ಎಲ್ಲೋ ಒಪ್ಪಿಗೆಯಾಗಿತ್ತು. ಎರಡು ವರ್ಷ ಅದೇ ಕೆಲಸದ ದುಡ್ಡಿನಲ್ಲಿ ಪುಸ್ತಕ ಕೊಂಡವನ ಒಳಗೆ! ಪಂಚೆಯ ರೈತರನ್ನು ತಡೆದ ಸುದ್ದಿ ಓದಿ ನಾನು ಫೇಸ್‌ಬುಕ್ಕಿನಲ್ಲಿ ಕೆಂಡ ಕಾರಿದ್ದೆ. ಕಡೂರಿನ ಬಾಗಿಲಲ್ಲಿ, ಕೈಗೆ ಚಾಚಿದ ಲೋಟವನ್ನು ಮುಟ್ಟದೆ ನಿಂತಾಗ, ನಾನೂ ಒಂದು ಬಾಗಿಲು ಕಾಯುತ್ತಿದ್ದೆ. ನೆಂಟರು ಈ ಕಡೆ, ಕೆಲಸದವರು ಆ ಕಡೆ.

ಉಡುಪು ಒಂದು ಸಮಾಜಕ್ಕೆ ಮರಳಿ ಬಂತೋ ಇಲ್ಲವೋ ಎನ್ನುವುದಕ್ಕೆ ಅಂಗಡಿಯ ಮಾರಾಟ ನೋಡಿದರೆ ಸಾಲದು ಎಂದು ಈಗ ನನಗೆ ಅನ್ನಿಸುತ್ತದೆ. ಅದನ್ನು ಬಿಡದೆ ತೊಟ್ಟವರ ಜತೆ ಒಂದೇ ಕೋಣೆಯಲ್ಲಿ ತೊಟ್ಟು ನಿಲ್ಲಲು ನಮಗೆ ಮುಜುಗರವಾಗದಿದ್ದರೆ ಆ ಉಡುಪು ಬಂದಿದೆ. ಮುಜುಗರವಾದರೆ, ನಾವು ಅದನ್ನು ಅವರಿಂದ ಎರವಲು ತಂದು, ಅವರು ಕಾಣದ ಕಡೆ ಮೆರೆಯುತ್ತಿದ್ದೇವೆ ಅಷ್ಟೆ. ಎಥ್ನಿಕ್ ಡೇಯ ಪಂಚೆ ಕ್ಯಾಂಪಸ್ಸಿನೊಳಗೆ ಸುಂದರವಾಗಿತ್ತು. ಅದೇ ಪಂಚೆಯಲ್ಲಿ, ತಾತನ ಪಕ್ಕ ಕಡೂರಿನ ಬ್ಯಾಂಕಿನ ಸಾಲಿನಲ್ಲಿ ನಿಲ್ಲಬಲ್ಲೆನೇ? ನಿಂತರೆ ಕೌಂಟರಿನ ಆಚೆಯಿಂದ ಬರುವ ಏಕವಚನವನ್ನು ಇಬ್ಬರೂ ಸಮನಾಗಿ ಕೇಳಿಸಿಕೊಳ್ಳಬಲ್ಲೆವೇ? ಈ ಅಳತೆಯಲ್ಲಿ ಪಂಚೆಯೂ ಬೋ ಟೈಯೂ ನನ್ನ ಮಟ್ಟಿಗೆ ಇನ್ನೂ ವಾಪಸ್ ಬಂದಿಲ್ಲ.

ಆ ರಾತ್ರಿ ಊಟವಾದ ಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹಿಂದುಗಡೆಗೆ ಹೋದೆ. ಪಾತ್ರೆ ತೊಳೆಯುವ ಕಡೆ ಅವನು ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ. ಕ್ಷಮೆ ಕೇಳಬೇಕೆಂದು ಹೋದವನಿಗೆ ಏನೆಂದು ಕೇಳಬೇಕೋ ತೋಚಲಿಲ್ಲ. ‘ನಾನೂ ಈ ಕೆಲಸ ಮಾಡಿದೀನಿ ಕಣಪ್ಪ, ಭದ್ರಾವತೀಲಿ’ ಅಂದೆ. ಹೇಳಿದ ಮೇಲೆ ಅದು ಕ್ಷಮೆಗಿಂತ ಸರ್ಟಿಫಿಕೇಟ್ ತೋರಿಸಿದ ಹಾಗಿತ್ತು. ಅದರಲ್ಲೂ ನಾನು ಅವನಿಗೆ ‘ಕಣಪ್ಪ’ ಅಂದಿದ್ದೆ. ಅವನು ‘ಹೌದಾ ಅಣ್ಣ’ ಎಂದು ನನ್ನ ಟೈಯ ಕಡೆ ನೋಡಿದ. ‘ನಿಮ್ದು ಎಷ್ಟಾಯ್ತು?’ ಎಂದು ಕೇಳಿದ. ಇನ್ನೂರೈವತ್ತು ಎಂದೆ. ‘ಬಟ್ಟೆ ಚೆನ್ನಾಗಿದೆ’ ಅಂದ. ಗುತ್ತಿಗೆದಾರ ಟೈಗಳ ಕವರ್ ಹಿಡಿದು ಕರೆಯುತ್ತಿದ್ದ. ಅವನು ಎಲಾಸ್ಟಿಕ್ಕನ್ನು ತಲೆಯ ಮೇಲಿಂದ ತೆಗೆದು ಕವರಿಗೆ ಹಾಕಿ, ಕುತ್ತಿಗೆ ಉಜ್ಜಿಕೊಂಡು ಹೋದ.

ಮಾರನೆಯ ದಿನ ಎಮ್ಮೆದೊಡ್ಡಿಗೆ ಬಂದಾಗ ಬೋ ಟೈ ಬ್ಯಾಗಿನಲ್ಲಿತ್ತು. ತಾತ ಅದನ್ನು ಎತ್ತಿ ನೋಡಿ ಕರುವಿನ ಕೊರಳಿಗೆ ಚೆನ್ನಾಗಿರುತ್ತದೆ ಅಂದರು. ನಾನು ನಡೆದದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿ, ‘ಆ ವಯ್ಯ ಕೊನೇಗೆ ನೀರು ಕುಡುದ್ನಾ?’ ಅಂದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಬರುವ ತಿಂಗಳು ಅದೇ ಗುಂಪಿನ ಇನ್ನೊಬ್ಬ ಗೆಳೆಯನ ಮದುವೆ, ತರೀಕೆರೆಯಲ್ಲಿ. ಮತ್ತೆ ಬೋ ಟೈ ಎಂದು ಸಂದೇಶ ಬಂದಿದೆ. ಕಟ್ಟುವುದಿಲ್ಲ ಎಂದು ಬರೆಯಲು ಹೋಗಿ ಅಳಿಸಿದೆ. ಕಟ್ಟದಿದ್ದರೆ ನಾನು ಮತ್ತೊಮ್ಮೆ ಆ ಹುಡುಗರಿಂದ ಬೇರೆಯಾಗಿ ಕಾಣುವ ಏರ್ಪಾಡು ಮಾಡಿಕೊಂಡ ಹಾಗೆ. ಕಟ್ಟಿಕೊಂಡೇ ಹೋಗುತ್ತೇನೆ. ಕೋಟನ್ನು ಬಿಚ್ಚುತ್ತೇನೆ. ಯಾರಾದರೂ ಲೋಟ ಚಾಚಿದರೆ ತೆಗೆದುಕೊಂಡು ಹೋಗಿ ನೀರು ತಂದುಕೊಡುತ್ತೇನೆ. ಇದರಿಂದ ಯಾರ ಕೂಲಿಯೂ ಹೆಚ್ಚುವುದಿಲ್ಲ, ಯಾವ ಮಾಲಿನ ಬಾಗಿಲೂ ತೆರೆಯುವುದಿಲ್ಲ, ನನಗೆ ಗೊತ್ತು. ಕುಡಿದವರು ನನ್ನನ್ನು ಏಕವಚನದಲ್ಲಿ ಕರೆದರೂ ನಾನು ಯಾರೆಂದು ಹೇಳದೆ ಇರಬಲ್ಲೆನೇ ಎಂಬುದನ್ನು ಮಾತ್ರ ಅಲ್ಲಿಗೆ ಹೋಗಿಯೇ ನೋಡಬೇಕು.